ಸಣ್ಣ ತಂತಿ

ನಮ್ಮ ಬನಹಟ್ಟಿಗೆ ಕರೆಂಟು ಬಂದದ್ದು ಸಂಸ್ಥಾನಗಳ ಕೊನೆಗಾಲದಲ್ಲಿ. ಆಗ ನನಗೆ ನಲವತ್ತು ದಾಟಿತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು.

ತೇರದಾಳದ ವ್ಯಾಪಾರಿಯೊಬ್ಬರು ಮಗಳ ಮದುವೆಗೆಂದು ಕಡುಹಸಿರು ಸೀರೆ ಹೇಳಿದ್ದರು. ಒಪ್ಪಿಸಲು ನಾಲ್ಕೇ ದಿನ. ಹಗಲಷ್ಟೇ ನೇಯ್ದರೆ ಮುಗಿಯುವಂತಿರಲಿಲ್ಲ. ಮುಗಿಯದಿದ್ದರೆ ಆ ಮನೆತನದ ಬಾಗಿಲು ನನಗೆ ಮುಚ್ಚಿದಂತೆಯೇ. ಅದಕ್ಕೇ ಹಿತ್ತಲಾಚೆಯ ಮಗ್ಗದ ಕೋಣೆಗೆ ದೀಪ ಹಾಕಿಸಲು ಹೊರಟೆ. ಕಂಬವೋ, ಓಣಿಯ ಆ ತುದಿಯಲ್ಲಿ.

ದಪ್ಪ ತಂತಿ ತರಲು ಕರೆಂಟಿನ ಮಿಸ್ತ್ರಿ ಹೇಳಿದ. ನಾನು ನಕ್ಕೆ. ನೂಲು ಸಣ್ಣದಾದಷ್ಟೂ ಮೇಲುತರದ್ದು ಎಂದು ತೊಟ್ಟಿಲಲ್ಲೇ ಕಲಿತ ನೇಕಾರ ನಾನು. ನನಗೆ ಇವನ ಪಾಠ! ಅಂಗಡಿಯಲ್ಲಿ ಬೆರಳ ನಡುವೆ ಹೊಸೆದು ನೋಡಿ, ಎಲ್ಲಕ್ಕಿಂತ ಸಣ್ಣದನ್ನೇ ಆರಿಸಿದೆ. ಅದರಲ್ಲಿ ಹರಿಯುವ ಕರೆಂಟೂ ಬಡಪಾಯಿ, ಮುಟ್ಟಿದರೂ ಸಾಯಲಾರೆ ಎಂಬ ಧೈರ್ಯ ಬೇರೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಚಿಂತಿಸಬೇಕಾದದ್ದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಚಿಂತಿಸುತ್ತೇನೆ.

ಸಂಜೆ ಗುಂಡಿ ಒತ್ತಿದೆ.

"ಏನ್ರಿ, ಇದು ದೀಪಾನೋ, ಮಾಗಿದ ನಿಂಬಿಹಣ್ಣೋ?" ಎಂದಳು ಹೆಂಡತಿ.

ಬೆಳಕು ಸಾಲದೆಂದು ಇನ್ನೊಂದು ಬಲ್ಬು ಹಾಕಿದೆ. ಎರಡೂ ಇನ್ನಷ್ಟು ಮಂಕಾಗಿ ಕೆಂಪಗಾದವು. ಆ ಮಬ್ಬಿನಲ್ಲೇ ಠೀವಿಯಿಂದ ಲಾಳಿ ಓಡಿಸಿದೆ.

ಬೆಳಗ್ಗೆ ಹೆಂಡತಿ ಕೂಗಿಕೊಂಡಳು. ಹಸಿರಿನ ನಡುವೆ ಗೇಣಗಲ ಕಪ್ಪು ಪಟ್ಟಿ! ಮಬ್ಬಿನಲ್ಲಿ ಹಸಿರೆಂದೇ ತಿಳಿದು ಲಾಳಿಗೆ ನಾನು ಕಪ್ಪು ನೂಲು ಇಟ್ಟಿದ್ದೆ. ಮದುಮಗಳ ಸೀರೆಯಲ್ಲಿ ಕಪ್ಪು ಕಂಡರೆ ಯಾರೂ ಮುಟ್ಟುವುದಿಲ್ಲ.

ಬೈಯಲೆಂದೇ ಮಿಸ್ತ್ರಿಯನ್ನು ಕರೆಸಿದೆ.

"ಮಾಲಕರ, ಇದೇನ ನೂಲಂತ ತಿಳ್ಕೊಂಡ್ರೇನ್ರಿ? ಹಾದಿ ಉದ್ದ, ತಂತಿ ಸಣ್ಣ. ಕಂಬದಾಗಿನ ಓಲ್ಟೇಜು ಅರ್ಧ ಹಾದ್ಯಾಗ ಸವದ ಹೋಗತೈತಿ. ಮ್ಯಾಲ ಎರಡನೇ ಬಲ್ಬ್ ಹಚ್ಚೀರಿ. ಕರೆಂಟ್ ಎಳಿಯೂದು ಹೆಚ್ಚಾತು, ಸವಿಯೂದೂ ಹೆಚ್ಚಾತು."

"ಮೊದಲ ಹೇಳಬೇಕಿಲ್ಲೇನೋ?"

"ಹೇಳಿದ್ನಲ್ರಿ. ನೀವು ನಗಾಕತ್ತಿದ್ರಿ."

ಹೆಂಡತಿ ಅಂದು ಇಡೀ ದಿನ ಆ ಪಟ್ಟಿಯ ಎಳೆ ಎಳೆ ಬಿಡಿಸಿದಳು. ಉಳಿದ ಸಂಜೆಗಳಲ್ಲಿ ಅವಳು ಕಂದೀಲು ಹಿಡಿದು ನಿಂತಳು, ನಾನು ನೇಯ್ದೆ. ಪ್ರತಿ ಸಲ ಲಾಳಿ ತುಂಬುವ ಮೊದಲು ಬಣ್ಣವನ್ನು ಅವಳಿಗೆ ತೋರಿಸಬೇಕಾಗಿತ್ತು, ಶಾಲೆಯ ಹುಡುಗನಂತೆ.

ಹೇಳಿದ ದಿನ ಆ ವ್ಯಾಪಾರಿ ಬಂದರು. ಅಂಗಳದ ಬಿಸಿಲಲ್ಲಿ ಸೀರೆ ಬಿಡಿಸಿ, ಮೇಲೆ ಹಾದ ತಂತಿಯನ್ನೂ ನೋಡಿ ತಲೆದೂಗಿದರು.

"ಕರೆಂಟಿನ ಬೆಳಕಿನ್ಯಾಗ ನೇಯ್ದದ್ದು ನೋಡ್ರಿ, ಅದಕ್ಕ ಬಣ್ಣ ಹಿಂಗ ಎದ್ದೈತಿ!"

"ಖರೆ ರೀ," ಎಂದೆ.

ಬಾಗಿಲಲ್ಲಿ ಕುಳಿತ ಹೆಂಡತಿ ಮಸಿ ಹಿಡಿದ ಕಂದೀಲಿನ ಗಾಜನ್ನು, ನನ್ನನ್ನೇ ನೋಡುತ್ತ, ಒರೆಸುತ್ತಿದ್ದಳು.