ಸಿದ್ದಮ್ಮನ ಮೂಗುಬೊಟ್ಟು

ಗಂಡ ಬದುಕಿರುವಾಗಲೇ ಮೂಗುಬೊಟ್ಟು ತೆಗೆಸಿದ ಹೆಂಗಸನ್ನು ನಾನು ಕಂಡದ್ದು ಒಬ್ಬಳನ್ನೇ. ಅವಳು ನಮ್ಮ ಪಕ್ಕದ ಮನೆಯ ಮರುಳಸಿದ್ದಮ್ಮ. ಅಷ್ಟುದ್ದದ ಹೆಸರು ಕರೆಯಲು ಹೊಸಪೇಟೆಯಲ್ಲಿ ಆಗ ಯಾರಿಗೂ ಪುರಸೊತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅವಳು ಸಿದ್ದಮ್ಮ. ಸಂಡೂರು ರಸ್ತೆಯ ಬದಿಗೆ ತಗಡಿನ ಅಂಗಡಿ ಇಟ್ಟುಕೊಂಡು ಅದಿರು ಲಾರಿಗಳ ಡ್ರೈವರುಗಳಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುತ್ತಿದ್ದಳು. ಗಂಡ ಶಂಭುಲಿಂಗನೂ ಅಂಥದೇ ಒಂದು ಲಾರಿಯ ಡ್ರೈವರ್. ಸಂಡೂರಿನ ಗುಡ್ಡದಲ್ಲಿ ಅದಿರು ತುಂಬಿಕೊಂಡು, ಘಟ್ಟ ಇಳಿದು, ಬಂದರಿನಲ್ಲಿ ಸುರಿದು ಬರುವುದು ಅವನ ಕೆಲಸ.

ಚೀನಾಕ್ಕೆ ನಮ್ಮ ಗುಡ್ಡಗಳು ಹಡಗು ಹತ್ತಿ ಹೋಗುತ್ತಿದ್ದ ಕಾಲ ಅದು. ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ರಸ್ತೆಬದಿಯ ಬೇವಿನ ಮರ, ಒಣಹಾಕಿದ ಸೀರೆ, ಮಲಗಿದ ನಾಯಿ, ಎಲ್ಲವೂ ಧೂಳು ಹಿಡಿದು ಕೆಂಪು. ಆ ಧೂಳಿನ ನಡುವೆ ಸಿದ್ದಮ್ಮನ ಎಡಗಣ್ಣು ಮಾತ್ರ ಸದಾ ಸೋರುತ್ತಿತ್ತು. ಮಿರ್ಚಿ ಕರಿಯುವವಳ ಕಣ್ಣಲ್ಲಿ ನೀರು ಬಾರದೆ ಎಳನೀರು ಬರುತ್ತದೆಯೇ ಎಂದು ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಡ್ರೈವರುಗಳು ಬೇರೆ ಕೀಟಲೆ ಮಾಡುತ್ತಿದ್ದರು.

"ಯಾಕಬೇ ಸಿದ್ದಮ್ಮ, ಅಣ್ಣ ಬಡದಾನೇನು?"

"ಬಡಿಯಾಕ ನಿಮ್ಮಣ್ಣ ಮನ್ಯಾಗ ಇರಬೇಕಲ್ಲ!" ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಣಲೆಯಲ್ಲಿ ಜಾರಿ ಸೌಟು ತಿರುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಕಣ್ಣು ಮೂಗು ಕೂಡುವ ಮೂಲೆಯಲ್ಲಿ ಹುಣಸೆಬೀಜದಷ್ಟು ಗಂಟೆದ್ದಿತು. ಮುಟ್ಟಿದರೆ ಉರಿ, ಒತ್ತಿದರೆ ಕಣ್ಣಿನಿಂದ ಕೀವು. ಅತ್ತೆ ಭರಮಮ್ಮ ಹರಳೆಣ್ಣೆ ಸವರಿದಳು. ಮರುದಿನ ಅರ್ಧ ಮುಖ ಬಾತಿತ್ತು. ನಾನು ಆಟೋ ಕರೆದು ಅವಳನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಸಮಾಧಾನದಿಂದ ಹೇಳಿದರು. "ಕಣ್ಣೀರು ಮೂಲೆಯ ಸಣ್ಣ ಕೊಳವೆಯಿಂದ ಮೂಗಿಗೆ ಇಳಿದು ಹೋಗಬೇಕಮ್ಮ. ನಿಮ್ಮ ಕೊಳವೆ ಮುಚ್ಚಿಕೊಂಡಿದೆ. ನಿಂತ ನೀರು ಕೊಳೆತು ಕೀವಾಗಿದೆ. ಮಾತ್ರೆಯಿಂದ ಬಾವು ಇಳಿಸ್ತೀನಿ. ಆಮೇಲೆ ಮೂಗಿನ ಎಲುಬಿನಲ್ಲಿ ಒಂದು ಕಿಂಡಿ ಕೊರೆದು ನೀರಿಗೆ ಹೊಸ ದಾರಿ ಮಾಡಬೇಕು. ಬಿಟ್ಟರೆ ಕೀವು ಕಣ್ಣಿನ ಹಿಂದಕ್ಕೆ ಹೋಗಿ ಕಣ್ಣಿಗೇ ಕುತ್ತು ತರಬಹುದು." ಸಿದ್ದಮ್ಮ ತಲೆಯಾಡಿಸಿದಳು. ಎಲುಬು ಕೊರೆಯುವ ಮಾತಿಗೂ ಹೆದರಲಿಲ್ಲ. ಹೊರಡುವಾಗ ಅವರು, "ಮೂಗುಬೊಟ್ಟು ತೆಗೆಸಿಕೊಂಡು ಬನ್ನಿ, ಆಪರೇಷನ್ ಅದೇ ಬದಿ ಇದೆ" ಎಂದರು ನೋಡಿ, ಅವಳ ಮುಖ ಬಿಳುಚಿತು.

ಆ ಮೂಗುಬೊಟ್ಟು ಮದುವೆಯಲ್ಲಿ ಹಾಕಿದ್ದು. ಅದರ ತಿರುಪು ಹೊಳ್ಳೆಯೊಳಗೆ ಕಚ್ಚಿಕೊಂಡು ಬಿಟ್ಟಿತ್ತು, ಕತ್ತರಿಸದೆ ಬರುವಂತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಂಗಾರದ ಕೆಲಸದ ಪತ್ತಾರ ವಿರುಪಾಕ್ಷಪ್ಪನ ಅಂಗಡಿಗೆ ಹೋದರು, ಜೊತೆಗೆ ನಾನೂ. ಪತ್ತಾರ ಕನ್ನಡಕ ಏರಿಸಿ ಮೂಗು ನೋಡಿದ, ಆಮೇಲೆ ಶಂಭುಲಿಂಗನ ಮುಖ ನೋಡಿದ.

"ಹಾಕೋದು ನನ್ನ ಕೆಲಸ ತಂಗಿ. ಕತ್ತರಿಸಾಕ ನನ್ನ ಕರೆಯೋದು ಗಂಡ ಸತ್ತ ಮನೆಯವರು. ಗಂಡ ಎದುರಿಗೆ ನಿಂತಿರುವಾಗ ನಾ ಇಕ್ಕಳ ಹಿಡಿಯಂಗಿಲ್ಲ."

ಶಂಭುಲಿಂಗ ಜೋರಾಗಿ ನಕ್ಕ. "ಜೋಳದ ಕಾಳಿನಷ್ಟು ಬಂಗಾರ ನನ್ನ ಜೀವ ಹಿಡಕೊಂಡು ನಿಂತೈತೇನ್ರಿ? ಘಾಟಿನ್ಯಾಗ ನನ್ನ ಲಾರಿ ಹಿಡಿಯೋದು ಬ್ರೇಕೋ, ಇದೋ?"

ಮನೆಗೆ ಬಂದವನೇ ಲಾರಿಯ ಟೂಲ್ ಬಾಕ್ಸಿನಿಂದ ಕಟಿಂಗ್ ಪ್ಲೇಯರ್ ತಂದು ಕುದಿಯುವ ನೀರಿನಲ್ಲಿ ಅದ್ದಿದ. ಹೆಂಡತಿಯ ಗಲ್ಲ ಹಿಡಿದು, ಉಸಿರು ಬಿಗಿಹಿಡಿದು, ಟಕ್ಕೆಂದು ಕತ್ತರಿಸಿದ. ಬಾಗಿಲಲ್ಲಿ ನಿಂತಿದ್ದ ಭರಮಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. "ನಿನ್ನ ಕೈಯಾರ ಮಾಡಿಕೊಂಡೆಲ್ಲೋ ಮಗನ" ಎಂದಳು. ಇಂಥದ್ದನ್ನೆಲ್ಲ ನಂಬದವಳು ನಾನು. ಆದರೂ ಸುಳ್ಳು ಹೇಳಲಾರೆ, ಆ ಶಬ್ದಕ್ಕೆ ನನ್ನ ಎದೆಯೂ ಧಸಕ್ಕೆಂದಿತು.

ಭರಮಮ್ಮ ತುಂಡಾದ ಬೊಟ್ಟನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಟ್ಟಳು. ತೂತಿಗೆ ಬೇವಿನ ಕಡ್ಡಿಯನ್ನಾದರೂ ಸಿಕ್ಕಿಸೋಣವೆಂದರೆ ಡಾಕ್ಟರಮ್ಮ ಅದಕ್ಕೂ ಒಪ್ಪಲಿಲ್ಲ. ಒಳಗಿನ ಗಾಯ ಪೂರ್ತಿ ಮಾಯುವವರೆಗೆ ಆ ಹೊಳ್ಳೆಗೆ ಏನೂ ತಾಗಬಾರದು, ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬಾರದು, ತಾನು ಹೇಳಿದ ಮೇಲೆಯೇ ಬೊಟ್ಟು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಆಪರೇಷನ್ ಆಯಿತು. ಮರಗಟ್ಟಿಸುವ ಸೂಜಿ ಕೊಟ್ಟಿದ್ದರಂತೆ, ನೋವಿರಲಿಲ್ಲವಂತೆ. "ಆದ್ರ ಅನಸೂಯಕ್ಕ, ಎಲುಬು ಕಡಿಯೋ ಸಪ್ಪಳ ತಲಿಯೊಳಗ ಕೇಳತಿತ್ತು" ಎಂದಳು. ಮೂಗಿಗೆ ತುರುಕಿದ್ದ ಬಟ್ಟೆ ತೆಗೆದು, ಹೊಲಿಗೆ ಬಿಚ್ಚಿದ ಮೇಲೆ ಒಂದು ದಿನ ಡಾಕ್ಟರಮ್ಮ ಕಣ್ಣಿನ ಮೂಲೆಯಿಂದ ಪಿಚಕಾರಿಯಲ್ಲಿ ಉಪ್ಪುನೀರು ಬಿಟ್ಟು, "ಗಂಟಲಿಗೆ ಏನಾದರೂ ಬಂತಾ?" ಎಂದು ಕೇಳಿದರು. ಸಿದ್ದಮ್ಮ ಒಂದು ಗಳಿಗೆ ಚಪ್ಪರಿಸಿ, "ಉಪ್ಪುಪ್ಪು ಆತ್ರಿ!" ಎಂದು ಮಗುವಿನ ಹಾಗೆ ನಕ್ಕಳು. ನೀರಿಗೆ ದಾರಿಯಾಗಿತ್ತು. ಅಂಗಡಿ ತೆರೆದ ದಿನ ಕಣ್ಣೊರೆಸಿಕೊಳ್ಳದೆ ಎರಡು ಬಾಣಲೆ ಮಿರ್ಚಿ ಕರಿದಳು. ನನಗೆ ಹೊಟ್ಟೆ ತುಂಬಿದಂತಾಯಿತು.

ತುಂಬಿದ್ದು ಇಳಿಯಲು ಬಹಳ ದಿನ ಬೇಕಾಗಲಿಲ್ಲ. ಶಂಭುಲಿಂಗನ ಲಾರಿಯ ಟಯರು ಒಡೆಯಿತು. ಆಮೇಲೆ ಅವನ ಕಣ್ಣೆದುರಿಗೇ ಜೊತೆಯ ಡ್ರೈವರ್ ಸುಂಕಪ್ಪನ ಗಾಡಿ ಸೇತುವೆ ಗುದ್ದಿ, ಸುಂಕಪ್ಪ ಸ್ಟೇರಿಂಗಿನ ಮೇಲೆಯೇ ಹೋದ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾನಂದೆ. ಆದರೆ ಸುಂಕಪ್ಪನನ್ನು ಮಣ್ಣು ಮಾಡಿ ಬಂದ ಶಂಭುಲಿಂಗ ಉಣ್ಣಲು ಕೂತಾಗ, ಎದುರಿಗೆ ಬಗ್ಗಿ ಬಡಿಸುತ್ತಿದ್ದ ಹೆಂಡತಿಯ ಬರಿ ಮೂಗನ್ನು ನೋಡಿ ತುತ್ತು ಕೆಳಗಿಟ್ಟ. ಅವತ್ತಿನಿಂದ ತಲೆಯೆತ್ತಿ ಅವಳ ಮುಖ ನೋಡಲಿಲ್ಲ.

ಬ್ರೇಕಿನ ಬಗ್ಗೆ ಅಷ್ಟು ಜಂಭ ಕೊಚ್ಚಿದ ಗಂಡಸು ಈಗ ಹೊರಡುವ ಮುಂಚೆ ಲಾರಿಯ ಕೆಳಗೆ ತೂರಿ ಬ್ರೇಕನ್ನು ಮತ್ತೆ ಮತ್ತೆ ನೋಡುತ್ತಿದ್ದ. ಕಣ್ಣು ಎಳೆದರೆ ಸಾಕು, ಢಾಬಾದ ಮುಂದೆ ನಿಲ್ಲಿಸಿ ಮಲಗುತ್ತಿದ್ದ. ಘಟ್ಟವನ್ನು ಹಗಲಿನಲ್ಲಷ್ಟೇ, ಎತ್ತಿನಗಾಡಿ ಹೊಡೆದಂತೆ ಇಳಿಸುತ್ತಿದ್ದ. ಉಳಿದವರು ಎರಡು ಸಲ ಹೋಗಿ ಬರುವಷ್ಟರಲ್ಲಿ ಇವನದು ಒಂದು. ಮಾಲೀಕ ಬೈದ, ಜೊತೆಯವರು ನಕ್ಕರು. ಶಂಭುಲಿಂಗ ಸೊರಗಿದ. ಅವನಿಗೆ ಏನಾಗುತ್ತದೋ ಎಂದು ಭರಮಮ್ಮ ದಿನವೂ ಜಗಲಿಯ ಮುಂದೆ ಕೂತು ಅಳುತ್ತಿದ್ದಳು. ಅಷ್ಟು ಜೋಪಾನವಾಗಿ ಲಾರಿ ಓಡಿಸುವ ಡ್ರೈವರ್ ಆ ರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕೊನೆಗೊಂದು ದಿನ ಅವನೇ ಬಾಯಿಬಿಟ್ಟ. "ಸಿದ್ದಿ, ಅದನ್ನ ಹಾಕ್ಕೊಂಡುಬಿಡು. ನನಗ ಗಾಡಿ ಮ್ಯಾಲೆ ಕೈ ನಡುಗತಾವ."

ನಾನು ಅಲ್ಲೇ ಇದ್ದೆ. ನನಗೆ ರೇಗಿತು. "ಮೂಗಿಗಿಂತ ಮೂಗುತಿ ಭಾರ ಆತೇನಪ್ಪಾ? ಡಾಕ್ಟರಮ್ಮ ಬ್ಯಾಡ ಅಂದಾರ. ಒಳಗಿನ ಗಾಯ ಇನ್ನಾ ಹಸಿ ಐತಿ. ಮಾಡಿದ್ದೆಲ್ಲ ನೀರಾಗ ಹೋಮ ಆಕ್ಕೈತಿ."

ಸಿದ್ದಮ್ಮ ಗಂಡನ ಕೈ ನೋಡುತ್ತಾ ಕೂತಿದ್ದಳು. "ಕಣ್ಣು ಸೋರಿದ್ರ ಸೋರಲಿ ಅಕ್ಕ" ಎಂದಳು. "ಅವರು ಧೈರ್ಯಲೆ ಹೋಗಿ ಬರಲಿ."

ಕತ್ತರಿಸಲು ಒಲ್ಲೆನೆಂದಿದ್ದ ಪತ್ತಾರ ಹಾಕಲು ಮನೆಗೇ ಬಂದ. ಮುತ್ತೈದೆಯ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ ಎಂದು ದೊಡ್ಡಸ್ತಿಕೆ ಬೇರೆ ತೋರಿಸಿದ. ಬೊಟ್ಟಿಗೆ ಹೊಸ ಕಡ್ಡಿ ಬೆಸೆದು ತಂದಿದ್ದ. ಅರ್ಧ ಕೂಡಿಕೊಂಡಿದ್ದ ತೂತನ್ನು ಮತ್ತೆ ಚುಚ್ಚಿದ. ಸಿದ್ದಮ್ಮ ಸೀನಿದಳು, ರಕ್ತ ಬಂತು, ಭರಮಮ್ಮ ಆರತಿ ಎತ್ತಿದಳು. ಕೆಲವೇ ದಿನಗಳಲ್ಲಿ ಹೊಳ್ಳೆ ಬಾತು ಕೀವಾಯಿತು. ಕೀವು ಆರುವಷ್ಟರಲ್ಲಿ ಎಡಗಣ್ಣು ಮೊದಲಿನಂತೆ ಸೋರತೊಡಗಿತ್ತು. ಡಾಕ್ಟರಮ್ಮ ಪಿಚಕಾರಿಯಲ್ಲಿ ನೀರು ಬಿಟ್ಟರೆ ಅದು ಕಣ್ಣಿನಿಂದಲೇ ಕೆನ್ನೆಗೆ ಇಳಿಯಿತು. ಗಂಟಲಿಗೆ ಉಪ್ಪು ಬರಲಿಲ್ಲ. ಹೊಸ ದಾರಿಯೂ ಮುಚ್ಚಿಹೋಗಿದೆ ಎಂದರು. ಬೈಯಲಿಲ್ಲ, ಬೊಟ್ಟನ್ನು ಒಮ್ಮೆ ನೋಡಿ ಚೀಟಿ ಬರೆಯತೊಡಗಿದರು.

ಶಂಭುಲಿಂಗನಿಗೆ ಮಾತ್ರ ಹೋದ ಜೀವ ಬಂದಿತ್ತು. ಕಳೆದುಕೊಂಡದ್ದನ್ನೆಲ್ಲ ಒಂದೇ ಸಲಕ್ಕೆ ಗಳಿಸುವವನಂತೆ ಸುರಿದು ಬಂದವನು ಕಾಲು ತೊಳೆಯದೆ ಮತ್ತೆ ತುಂಬಿಸಲು ಹೋಗುತ್ತಿದ್ದ. ಒಂದು ಸಂಜೆ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ನಿಂತುಕೊಂಡೇ ಮಿರ್ಚಿ ತಿಂದ. ಕಣ್ಣು ಕೆಂಡದಂತಿದ್ದವು.

"ಒಂದೀಟು ಮಕ್ಕೊಂಡು ಹೋಗ್ರಿ" ಎಂದಳು ಸಿದ್ದಮ್ಮ.

ಅವನು ಅವಳ ಮೂಗುಬೊಟ್ಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, "ಇದು ಐತಲ್ಲ, ಇನ್ನು ನನಗೇನಾಕ್ಕೈತಿ?" ಎಂದು ನಕ್ಕು ಲಾರಿ ಹತ್ತಿದ. ನನಗೆ ಆ ನಗು ಹಿಡಿಸಲಿಲ್ಲ. ಏಕೆಂದು ಆಗ ಗೊತ್ತಾಗಲಿಲ್ಲ.

ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಲಾರಿ ತಿರುವಿನಲ್ಲಿ ತಿರುಗಲೇ ಇಲ್ಲವಂತೆ. ಹಿಂದೆ ಬರುತ್ತಿದ್ದ ಡ್ರೈವರ್ ಹೇಳಿದ, ಬ್ರೇಕಿನ ಕೆಂಪು ದೀಪ ಒಮ್ಮೆಯೂ ಹತ್ತಲಿಲ್ಲವೆಂದು. ಬ್ರೇಕು ಚೆನ್ನಾಗಿಯೇ ಇತ್ತು. ಒತ್ತಬೇಕಾದವನು ನಿದ್ದೆ ಹೋಗಿದ್ದ.

ಹೆಣ ಊರಿಗೆ ಬಂತು. ಮಣ್ಣು ಮಾಡಿದ ಮೇಲೆ ಓಣಿಯ ಹೆಂಗಸರು ಸೇರಿದರು. ಬಳೆ ಒಡೆದರು, ಕಾಲುಂಗುರ ಬಿಚ್ಚಿದರು. ಮೂಗುಬೊಟ್ಟಿನ ತಿರುಪು ಈ ಸಲವೂ ಕಚ್ಚಿಕೊಂಡಿತ್ತು. ಯಾರೋ ಹೋಗಿ ಪತ್ತಾರನನ್ನು ಕರೆತಂದರು. ಅವನು ಇಕ್ಕಳ ಹಿಡಿದು ಅವಳ ಮುಂದೆ ಕೂತ.

ಸಿದ್ದಮ್ಮ ಅವನ ಕೈ ಹಿಡಿದಳು. "ಪತ್ತಾರಪ್ಪ, ಇದು ಇಲ್ಲದಾಗ ನನ್ನ ಗಂಡ ಹೆದರಿಕೊಂಡು ಬದುಕಿದ್ದ. ನೀ ಇದನ್ನ ಹಾಕಿದಿ, ಧೈರ್ಯ ಬಂತು, ಸತ್ತ. ಈಗ ಯಾರನ್ನ ಉಳಿಸಾಕ ತೆಗೀತಿ?"

ಮುದುಕಿಯೊಬ್ಬಳು, "ಪದ್ಧತಿ ಐತಲ್ಲಬೇ" ಎಂದು ಮುಂದೆ ಬಂದಳು. ಮೂಲೆಯಲ್ಲಿ ಬಿದ್ದುಕೊಂಡಿದ್ದ ಭರಮಮ್ಮ ಎದ್ದು ಕೂತು, "ಆಕಿ ಮೂಗಿನ ತಂಟೆಗೆ ಯಾರೂ ಹೋಗಬ್ಯಾಡ್ರಿ. ನಾವು ಹೋಗಿದ್ದು ಸಾಕು" ಎಂದಳು. ಪತ್ತಾರ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದ.

ಇನ್ನೊಮ್ಮೆ ಆಪರೇಷನ್ ಮಾಡಿಸೋಣ ಎಂದು ನಾನು ಗೋಗರೆದೆ. ಅವಳು ಒಪ್ಪಲಿಲ್ಲ. ಅಂಗಡಿ ಮತ್ತೆ ತೆರೆದಳು. ಲಾರಿಗಳ ಸಾಲು ಹಾಗೆಯೇ ಇತ್ತು, ಧೂಳೂ ಹಾಗೆಯೇ ಇತ್ತು. ಎಡಗಣ್ಣು ಸೋರುತ್ತಾ, ಮೂಗಿನಲ್ಲಿ ಬೊಟ್ಟು ಮಿಂಚುತ್ತಾ ಮಿರ್ಚಿ ಕರಿಯುವ ಅವಳನ್ನು ಈಗ ಯಾರೂ ಕೀಟಲೆ ಮಾಡುವುದಿಲ್ಲ. ಗಾಡಿ ಹತ್ತುವ ಡ್ರೈವರುಗಳಿಗೆ ನಾವೆಲ್ಲ "ಧೈರ್ಯಲೆ ಹೋಗಿ ಬರ್ರಿ" ಎನ್ನುತ್ತೇವೆ. ಸಿದ್ದಮ್ಮ ಮಾತ್ರ ತಟ್ಟೆ ಇಸಿದುಕೊಂಡು, ಒಬ್ಬೊಬ್ಬರ ಕಣ್ಣನ್ನೂ ನೋಡಿ, "ಹೆದರಿಕೊಂಡು ಹೋಗ್ರಪ್ಪಾ" ಎನ್ನುತ್ತಾಳೆ.