ಟಾವೆಲ್ ಅಂಗಡಿಯ ಹಳದಿ ಕಪ್ಪೆ

ನಮ್ಮ ಮನೆಯಲ್ಲಿ ಬಣ್ಣವಿರುವ ಯಾವ ವಸ್ತುವೂ ಒದ್ದೆ ಕರವಸ್ತ್ರದಿಂದ ತಪ್ಪಿಸಿಕೊಂಡಿಲ್ಲ. ನನ್ನ ಗಂಡನದು ಸೊಲ್ಲಾಪುರದ ನವಿ ಪೇಠದಲ್ಲಿ ಚಾದರ, ಟಾವೆಲ್ಲು ಮಾರುವ ಮನೆತನ. ಮಾಲು ಬಂದು ಇಳಿದ ಕೂಡಲೇ ಮಾವನವರು ಬಿಳಿ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ, ಹೆಬ್ಬೆರಳಿಗೆ ಸುತ್ತಿಕೊಂಡು, ಬಟ್ಟೆಯ ಅಂಚನ್ನು ಗಸಗಸ ತಿಕ್ಕುತ್ತಾರೆ. ಕರವಸ್ತ್ರ ಬೆಳ್ಳಗೇ ಉಳಿದರೆ ಮಾಲು ಪಕ್ಕಾ, ಬಣ್ಣ ಹತ್ತಿದರೆ ಕಚ್ಚಾ. ನನ್ನನ್ನು ನೋಡಲು ಅಕ್ಕಲಕೋಟದ ಹತ್ತಿರದ ನಮ್ಮ ಹಳ್ಳಿಗೆ ಬಂದಾಗಲೂ ತಾವು ಕೂತಿದ್ದ ಜಮಖಾನೆಯ ಅಂಚನ್ನು ತಿಕ್ಕಿ ನೋಡಿ, "ಇದು ಬಣ್ಣ ಬಿಡ್ತದ ನೋಡ್ರಿ" ಎಂದು ನಮ್ಮಪ್ಪನಿಗೆ ಹೇಳಿದ್ದರು. ಚಹಾದ ತಾಟು ಹಿಡಿದು ನಿಂತಿದ್ದ ನನಗೆ ಆಗಲೇ ಮೈ ಉರಿದಿತ್ತು, ಆದರೆ ನೋಡಲು ಬಂದವರೆದುರು ಯಾವ ಹುಡುಗಿ ಬಾಯಿ ತೆರೆಯುತ್ತಾಳೆ.

ನನಗೆ ಕಪ್ಪೆಗಳೆಂದರೆ ಚಿಕ್ಕಂದಿನಿಂದ ಜೀವ. ಕೆಲವರು ಸೀರೆ ನೋಡುತ್ತಾರೆ, ಕೆಲವರು ಒಡವೆ ನೋಡುತ್ತಾರೆ, ನಾನು ಮಧ್ಯಾಹ್ನದ ಊಟ ಮುಗಿಸಿ ಅಡ್ಡಾಗಿ ಫೋನಿನಲ್ಲಿ ದೇಶದೇಶದ ಕಪ್ಪೆ ನೋಡುತ್ತೇನೆ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಅಚ್ಚ ನೀಲಿ ಕಪ್ಪೆಯಿದೆ, ಮೈಮೇಲೆ ಕರಿ ಚುಕ್ಕೆ, ಹೆಬ್ಬೆರಳಿನಷ್ಟೇ ಗಾತ್ರ, ಚರ್ಮದ ತುಂಬ ವಿಷ. ಮಡಗಾಸ್ಕರ್ ದ್ವೀಪದಲ್ಲಿ ಹಣ್ಣಾದ ಟೊಮ್ಯಾಟೊದಂಥ ಕೆಂಪು ಕಪ್ಪೆಯಿದೆ. ಇನ್ನೊಂದು ಎಲೆ ಹಸಿರಿನದು, ಕಣ್ಣು ಮಾತ್ರ ಕುಂಕುಮ, ಕಾಲ್ಬೆರಳು ಕಿತ್ತಳೆ. ಮತ್ತೊಂದರ ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ ಒಳಗೆ ಹೃದಯ ಮಿಡಿಯುವುದು ಹೊರಗಿನಿಂದಲೇ ಕಾಣುತ್ತದೆ. ಆಸ್ಟ್ರೇಲಿಯದ್ದೊಂದಕ್ಕೆ ಕಪ್ಪು ಹಳದಿ ಪಟ್ಟೆ, ನಮ್ಮ ಅಂಗಡಿಯ ಹಳೆಯ ಚಾದರದ ಹಾಗೆ. ಹೀಗೆ ನೋಡುತ್ತಿದ್ದಾಗ ಒಂದು ದಿನ ಮೈದುನ ಹಿಂದಿನಿಂದ ಬಂದು ಇಣುಕಿದ. ನಾನೂ ಉತ್ಸಾಹದಲ್ಲಿ ಒಂದೊಂದನ್ನೇ ತೋರಿಸಿದೆ.

"ವೈನಿ, ಇಂಥಾವು ನಮ್ಮ ಹೊಸಾ ಅಂಗಡಿ ಕಾಚಿನ ಪೆಟಿಗ್ಯಾಗ ಇಟ್ರ ಹೆಂಗ್ರಿ?" ಎಂದ. ವಿಜಾಪುರ ರಸ್ತೆಯಲ್ಲಿ ಆಗ ತಾನೇ ಎರಡನೇ ಅಂಗಡಿ ತೆರೆದಿದ್ದರು, ಆಷಾಢದ ಸೇಲು ಹತ್ತಿರ ಬಂದಿತ್ತು, ಗಿರಾಕಿ ಮಾತ್ರ ರಸ್ತೆಯಾಚೆಯ ಅಂಗಡಿಗೆ ಹೋಗುತ್ತಿತ್ತು.

"ಹುಚ್ಚರ ಮಾತು ಬ್ಯಾಡ್ರಿ. ಅವು ಇಲ್ಲಿ ಬದುಕಾಂಗಿಲ್ಲ, ಹಂಗ ತರಿಸಬಾರದು ಸೈತ" ಎಂದೆ.

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಜೋರಾಗಿ ಹೊಡೆದ ಮರುದಿನ, ವಾರದ ಬಜಾರಿನಲ್ಲಿ ಗಿಳಿ, ಮೊಲ ಮಾರುವವನೊಬ್ಬನಿಂದ ಮೂರು ಕಪ್ಪೆ ತಂದೇಬಿಟ್ಟ. ಒಂದು ನೀಲಿ, ಒಂದು ಕೆಂಪು, ಒಂದು ಹಳದಿ. ಗಾಜಿನ ಪೆಟ್ಟಿಗೆಯಲ್ಲಿ ಮೂರನ್ನೂ ಬಿಟ್ಟು, ಸುತ್ತ ಅದೇ ಮೂರು ಬಣ್ಣದ ಟಾವೆಲ್ಲುಗಳನ್ನು ಜೋಡಿಸಿ, ನನ್ನನ್ನು ನೋಡಲು ಕರೆದ.

ನೋಡಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ಹೆಬ್ಬೆರಳಿನಷ್ಟಿರಬೇಕಾದ ನೀಲಿ ಕಪ್ಪೆ ಅಂಗೈಯಷ್ಟಿತ್ತು. ಅದರ ಹೊಟ್ಟೆಯ ಕೆಳಗೆ ನಿಂತಿದ್ದ ಒಂದಿಷ್ಟು ನೀರೂ ನೀಲಿಯಾಗಿತ್ತು. ಕೆಂಪಿನದು ಕಣ್ಣು ಮುಚ್ಚಿಕೊಂಡು ಗಾಜಿಗೆ ಒರಗಿತ್ತು. "ಇವು ನಮ್ಮ ಕೆರಿ ಕಪ್ಪಿ, ಯಾರೋ ನೂಲಿಗೆ ಹಾಕು ಬಣ್ಣದಾಗ ಅದ್ದ್ಯಾರ" ಎಂದೆ. ಕಪ್ಪೆ ನೀರು ಕುಡಿಯುವುದು ಬಾಯಿಂದಲ್ಲ, ಚರ್ಮದಿಂದ, ಅರ್ಧ ಉಸಿರಾಡುವುದೂ ಚರ್ಮದಿಂದಲೇ, ಬಣ್ಣ ಬಳಿದರೆ ಮೂಗು ಬಾಯಿ ಕಟ್ಟಿದ ಹಾಗೆ ಎಂದು ವಿವರಿಸಿದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ನನ್ನ ಗಂಡನೂ ಮಾವನವರೂ ಅಲ್ಲೇ ಇದ್ದರು, ಮೈದುನ ಮಾವನವರ ಮುಖ ನೋಡಿದ. ಆ ಮನೆಯಲ್ಲಿ ಬಣ್ಣದ ವಿಷಯಕ್ಕೆ ಒಬ್ಬರೇ ನ್ಯಾಯಾಧೀಶರು.

ಮಾವನವರು ಏನು ಮಾಡಿದರು ಎಂದು ಹೇಳಬೇಕೇ? ಕರವಸ್ತ್ರ ತೆಗೆದರು. ತುದಿಯನ್ನು ತಂಬಿಗೆಯಲ್ಲಿ ಅದ್ದಿದರು. ನೀಲಿ ಕಪ್ಪೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬೆನ್ನನ್ನು ತಿಕ್ಕಿದರು, ಥೇಟು ಟಾವೆಲ್ಲು ತಿಕ್ಕಿದ ಹಾಗೆ. ಕರವಸ್ತ್ರ ನೀಲಿಯಾಯಿತು. "ಕಚ್ಚಾ" ಎಂದರು. ಕೆಂಪನ್ನು ತಿಕ್ಕಿದರು, ಕರವಸ್ತ್ರದ ಇನ್ನೊಂದು ತುದಿ ಕೆಂಪಾಯಿತು. ಹಳದಿಯನ್ನು ತಿಕ್ಕಿದರು. ಬೇರೆ ತುದಿ ಹಿಡಿದು ಮತ್ತೆ ತಿಕ್ಕಿದರು. ಕರವಸ್ತ್ರ ಬೆಳ್ಳಗೇ ಉಳಿಯಿತು.

"ಇದು ಪಕ್ಕಾ. ಇದೊಂದ ಖರೇ ಪರದೇಶದ್ದು" ಎಂದು ತೀರ್ಪು ಕೊಟ್ಟರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮಾಮಾ, ಇದು ನಮ್ಮ ಹೊಲದ ಗ್ವಾಂಕರಗಪ್ಪಿ ರಿ. ಗಂಡು. ಮೊದಲ ದೊಡ್ಡ ಮಳಿ ಬಿದ್ದು ತಗ್ಗು ತುಂಬಿದಾಗ ನಾಕು ದಿನ ಹಿಂಗ ಹಳದಿ ಆಗ್ತದ. ಹೆಣ್ಣು ಕರಿಯಾಕ. ಅಕ್ಕಲಕೋಟದ ಕಡೆ ಯಾವ ಹೊಲಕ್ಕ ಹೋದ್ರೂ ಕಾಣ್ತಾವ" ಎಂದೆ.

"ನಿನ್ನ ತವರುಮನಿ ಕೆಸರೂ ಬಂಗಾರನ ಬಿಡು" ಎಂದು ನನ್ನ ಗಂಡ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ಕಪ್ಪೆಗೂ ಅನ್ವಯಿಸುತ್ತದೆ, ಸೊಸೆಗೂ ಅನ್ವಯಿಸುತ್ತದೆ. ಅದೇ ಮಾತನ್ನು ಮುಂಬೈಯಿಂದ ಬಂದ ಯಾವನೋ ಹೇಳಿದ್ದರೆ ಕುರ್ಚಿ ಹಾಕಿ ಕೇಳುತ್ತಿದ್ದರು.

ನೀಲಿಯನ್ನೂ ಕೆಂಪನ್ನೂ ಅಂಗಡಿಯ ಹಿಂದಿನ ನಲ್ಲಿಗೆ ಒಯ್ದು, ಸಣ್ಣಗೆ ನೀರು ಬಿಟ್ಟು ತೊಳೆಯುತ್ತ ಕೂತೆ. ಬಣ್ಣ ಹೋಗುತ್ತಿತ್ತು, ಹೋದಷ್ಟೂ ಒಳಗಿನಿಂದ ಬರುತ್ತಲೇ ಇತ್ತು. ನೀಲಿ ನನ್ನ ಕೈಯಲ್ಲೇ ಕಾಲು ಚಾಚಿತು. ಕೆಂಪು ಸಂಜೆಯವರೆಗೆ ಗಂಟಲು ಅಲುಗಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಎರಡನ್ನೂ ಅಂಗಡಿಯ ಹಿಂದಿನ ಬೇವಿನ ಗಿಡದ ಬುಡಕ್ಕೆ ಹುಗಿದು ಕೈ ನೋಡಿಕೊಂಡರೆ ಉಗುರಿನ ಸಂದಿಯೆಲ್ಲ ಬಣ್ಣ. ಎಂಥ ಮನುಷ್ಯ ಇವನು, ಜೀವವಿರುವುದನ್ನು ಬಣ್ಣದ ಬಾನಿಯಲ್ಲಿ ಅದ್ದುವವನು? ಅವನನ್ನಾದರೂ ಬೈಯಬಹುದು. ಅವನಿಂದ ಕೊಂಡು ತಂದು, "ಎರಡು ಹಾಳಾದ್ವು, ಒಂದು ಉಳೀತಲ್ಲ" ಎಂದ ನಮ್ಮ ಮೈದುನನನ್ನು ಏನು ಮಾಡಬೇಕು?

ಉಳಿದ ಒಂದನ್ನಾದರೂ ಬಿಡಿಸಬೇಕೆಂದು ಪಟ್ಟು ಹಿಡಿದೆ. ತಗ್ಗಿನ ನೀರಿಗೆ ಹೆಣ್ಣು ಕಪ್ಪೆಗಳು ಬರುವುದು ಆ ಕೆಲವೇ ದಿನ. ಆ ದಿನ ಕಳೆದರೆ ಮತ್ತೊಂದು ದೊಡ್ಡ ಮಳೆ ಬರಬೇಕು, ಅದಾಗದಿದ್ದರೆ ಮುಂದಿನ ವರ್ಷ, ಅಲ್ಲಿಯವರೆಗೆ ಹಾವು, ಕೊಕ್ಕರೆ, ಟ್ರ್ಯಾಕ್ಟರು ಎಲ್ಲವನ್ನೂ ತಪ್ಪಿಸಿಕೊಂಡು ಅದು ಬದುಕಿರಬೇಕು. "ಇವತ್ತ ಬಿಟ್ರ ಅದಕ್ಕ ಒಂದು ಸಂಸಾರ ಆಗ್ತದ" ಎಂದು ಬಾಯಿಬಿಟ್ಟು ಬೇಡಿಕೊಂಡೆ.

"ಪಕ್ಕಾ ಮಾಲು ಯಾರರೆ ಬಿಟ್ಟು ಕೊಡ್ತಾರೇನವಾ? ನೀ ಸುಮ್ನಿರು" ಎಂದರು ಮಾವನವರು.

ಪೆಟ್ಟಿಗೆಯ ಮೇಲೆ 'ಪರದೇಶದ ಸುವರ್ಣ ಕಪ್ಪೆ' ಎಂದು ಮರಾಠಿಯಲ್ಲಿ ಬರೆಸಿದ ಬೋರ್ಡು ಬಂತು. ಹೊರಗೆ ಮಳೆ ಬಂದಾಗಲೆಲ್ಲ ಕಪ್ಪೆ ಕೂಗುತ್ತಿತ್ತು. ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬಿ ಬರುತ್ತಿತ್ತು, ಹಳದಿ ಮೈಗೆ ಅಂಥ ನೀಲಿ. ಫೋನಿನಲ್ಲಿ ನಾನು ನೋಡಿದ ಯಾವ ದೇಶದ ಕಪ್ಪೆಯೂ ಅದರ ಮುಂದೆ ನಿಲ್ಲುವುದಿಲ್ಲ. ಹಾಗೆ ಕೂಗಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು, ಉತ್ತರಕ್ಕೆ ಕಾಯುತ್ತಿತ್ತು. ಗಿರಾಕಿಗಳು ನಗುತ್ತ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಮೈದುನ ಮೀನಿಗೆ ಹಾಕುವ ಕಾಳು ಉದುರಿಸುತ್ತಿದ್ದ, ಕಪ್ಪೆ ಅದರತ್ತ ನೋಡುತ್ತಲೂ ಇರಲಿಲ್ಲ. ನಾನು ಮನೆಯಲ್ಲಿ ಪಾತ್ರೆಗಳನ್ನು ಎತ್ತಿ ಕುಕ್ಕುತ್ತಿದ್ದೆ. ಸಿಟ್ಟಿಗೆ ಎರಡು ದಿನ ಸಾರಿಗೆ ಉಪ್ಪೇ ಹಾಕಲಿಲ್ಲ, ಕೇಳಿದವರಿಗೆ "ಪಕ್ಕಾ ಆಗ್ಯದ, ಉಣ್ರಿ" ಎಂದೆ.

ವಾರ ಕಳೆಯುವುದರೊಳಗೆ ಕಪ್ಪೆ ಕೂಗುವುದನ್ನು ಬಿಟ್ಟಿತು. ಹಳದಿ ಮೊದಲು ಮಂಕಾಯಿತು, ಆಮೇಲೆ ಹಸಿರು ಬೆರೆಯಿತು, ಒಂದು ಬೆಳಿಗ್ಗೆ ನೋಡಿದರೆ ಪೂರ್ತಿ ಕೆಸರಿನ ಬಣ್ಣ, ಬೆನ್ನ ಮೇಲೊಂದು ತಿಳಿ ಗೆರೆ. ನನಗೆ ಗೊತ್ತಿದ್ದದ್ದೇ. ಗಿರಾಕಿಯೊಬ್ಬರು ಬೋರ್ಡನ್ನೂ ಕಪ್ಪೆಯನ್ನೂ ನೋಡಿ ನಕ್ಕರಂತೆ. ನಾನು ಊಟದ ಡಬ್ಬಿ ಒಯ್ದಾಗ ಮಾವನವರು ಮತ್ತೆ ಕರವಸ್ತ್ರ ಹಿಡಿದು ಅದನ್ನು ತಿಕ್ಕುತ್ತಿದ್ದರು. ಕರವಸ್ತ್ರಕ್ಕೆ ಏನೂ ಹತ್ತುತ್ತಿರಲಿಲ್ಲ, ಅವರಿಗೆ ಅದು ಅರ್ಥವಾಗುತ್ತಿರಲಿಲ್ಲ.

"ಇದೂ ಕಚ್ಚಾನ. ಮೋಸ ಮಾಡ್ತು" ಎಂದರು. ಬಣ್ಣ ಬಳಿದವನಲ್ಲ, ಕಪ್ಪೆ ಮೋಸ ಮಾಡಿತಂತೆ.

"ಗಟಾರಕ್ಕ ಒಗದು ಬರ್ತೀನಿ" ಎಂದು ಮೈದುನ ಪೆಟ್ಟಿಗೆ ಎತ್ತಿದ.

ಅಲ್ಲಿಯವರೆಗೆ ನುಂಗಿದ್ದೆಲ್ಲ ಆಗ ಹೊರಗೆ ಬಂತು. "ಇಡ್ರಿ ಕೆಳಗ" ಎಂದೆ. ಅಂಗಡಿಯ ತುಂಬ ಗಿರಾಕಿಗಳಿದ್ದರು, ಇರಲಿ ಎಂದುಕೊಂಡೆ. "ಅದೇನು ನಿಮ್ಮ ಗಿರಾಕಿಗೆ ಅಂತ ಹಳದಿ ಆಗಿತ್ತೇನ್ರಿ? ಹೆಣ್ಣಿಗೆ ಅಂತ ಆಗಿತ್ತು. ಹೆಣ್ಣು ಎಲ್ಲಿಂದ ಬರಬೇಕು ಇಲ್ಲಿಗೆ, ಟಾವೆಲ್ ತಗೊಳಾಕ? ಕೂಗಿ ಕೂಗಿ ಸಾಕಾಗಿ ಬಣ್ಣ ಬಿಟ್ಟದ ಅದು. ಮೋಸ ಅದು ಮಾಡಿಲ್ಲ, ನೀವು ಮಾಡೀರಿ. ಬಾಯಾಗ ನಾಲಗಿ ಇದ್ದಾಕಿ ಹೇಳಿದ್ರೂ ಕೇಳಲಿಲ್ಲ, ಅದರ ಮಾತು ಎಲ್ಲಿ ಕೇಳ್ತೀರಿ?"

ಮಾವನವರ ಎದುರು ಆ ಮನೆಯಲ್ಲಿ ಯಾವ ಸೊಸೆಯೂ ಹಾಗೆ ಮಾತಾಡಿರಲಿಲ್ಲ. ಕಪಾಟಿನಿಂದ ಎಲ್ಲಕ್ಕಿಂತ ದಪ್ಪ ಬಿಳಿ ಟಾವೆಲ್ಲನ್ನು ಎಳೆದು, ನೀರಲ್ಲಿ ನೆನೆಸಿ, ಕಪ್ಪೆಯನ್ನು ಸುತ್ತಿ, ಊಟದ ಡಬ್ಬಿಯನ್ನು ಖಾಲಿ ಮಾಡಿ ಅದರಲ್ಲಿಟ್ಟೆ. ಮುಚ್ಚಳವನ್ನು ಓರೆಯಾಗಿ ಇಟ್ಟುಕೊಂಡು ಅಕ್ಕಲಕೋಟದ ಎಸ್.ಟಿ. ಬಸ್ಸು ಹತ್ತಿದೆ.

ಬಸ್ಸಿನ ತುಂಬ ಅಲ್ಲಿಯ ಮಠದ ದರ್ಶನಕ್ಕೆ ಹೊರಟವರು. ಪಕ್ಕದ ಹೆಂಗಸು ಡಬ್ಬಿ ನೋಡಿ, "ನೈವೇದ್ಯ ಏನ್ರಿ ಬಾಯಿ?" ಎಂದು ಕೇಳಿದರು. "ಕಪ್ಪಿ ಅದ" ಎಂದೆ. ಅವರು ಎದ್ದು ಹಿಂದಿನ ಸೀಟಿಗೆ ಹೋದರು. ಅಕ್ಕಲಕೋಟದಲ್ಲಿ ಇಳಿದು, ಟಂಟಂ ರಿಕ್ಷಾ ಹಿಡಿದು ಊರು ಮುಟ್ಟುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಅವ್ವ ಹೊಲದಲ್ಲೇ ಇದ್ದಳು. ಮಗಳು ಹೇಳದೆ ಕೇಳದೆ ಬಂದದ್ದು ನೋಡಿ ಅವಳ ಮುಖ ಸಣ್ಣದಾಯಿತು. ಡಬ್ಬಿ ತೆಗೆದು ತೋರಿಸಿ ನಡೆದದ್ದನ್ನು ಹೇಳಿದೆ.

"ತಡಾ ಮಾಡಿದಿ. ಹೋದ ವಾರ ಕೂಗಿ ಕೂಗಿ ಮಲಗಗೊಟ್ಟಿಲ್ಲ. ಈಗ ಎಲ್ಲಾ ಮುಗದದ" ಎಂದಳು ಅವ್ವ.

ಹೊಲದ ತಗ್ಗಿನ ದಂಡೆಯಲ್ಲಿ ಕೂತೆವು. ನೀರಿನ ಅಂಚಿನಲ್ಲಿ ಗೊದಮೊಟ್ಟೆಗಳು ಕಪ್ಪಗೆ ಮುತ್ತಿಕೊಂಡಿದ್ದವು, ಎಲ್ಲ ಬೇರೆ ಕಪ್ಪೆಗಳ ಮಕ್ಕಳು. ಟಾವೆಲ್ಲು ಬಿಚ್ಚಿದೆ. ಕಪ್ಪೆ ಬಹಳ ಹೊತ್ತು ಅದರ ಮೇಲೇ ಕೂತಿತ್ತು. ಒಮ್ಮೆ ಗಂಟಲು ಉಬ್ಬಿಸಲು ನೋಡಿತು, ಸ್ವರ ಬರಲಿಲ್ಲ. ಆಮೇಲೆ ಕೆಸರಿಗೆ ಇಳಿದು ಗೊದಮೊಟ್ಟೆಗಳ ನಡುವೆ ಹಾದು ಮುಳುಗಿತು. ಬದುಕಿತಲ್ಲ ಎಂದು ಅವ್ವ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ, ಈಗಲೂ ಆಗಿಲ್ಲ. ಅದರ ವರ್ಷದ ಆ ನಾಲ್ಕು ದಿನವನ್ನು ನಾವು ಟಾವೆಲ್ಲು ಮಾರುವುದಕ್ಕೆ ತಿಂದುಹಾಕಿದ್ದೆವು.

ಆಗ ಫೋನು ಬಂತು. ಮೈದುನ. ತಪ್ಪಾಯಿತು ಎನ್ನುತ್ತಾನೇನೋ ಎಂದು ಎತ್ತಿದೆ.

"ವೈನಿ, ನೀವು ಹೇಳಿದ್ದು ಖರೇ ಇರಬೇಕ್ರಿ" ಎಂದ. "ಹೆಂಗೂ ಹೊಲದಾಗ ಅದೀರಿ. ಹಳದಿ ಇದ್ದದ್ದು ಇನ್ನೊಂದೆರಡು ಸಿಕ್ರ ಹಿಡಕೊಂಡು ಬರ್ರಲ್ಲ. ಕಪ್ಪಿ ಎಲ್ಲಿ ಅಂತ ಮಂದಿ ಕೇಳಾಕತ್ತಾರ."

ನಾನು ಫೋನು ಆರಿಸಿದೆ.

"ಯಾರದು?" ಎಂದಳು ಅವ್ವ.

"ಯಾರೋ ಗಿರಾಕಿ" ಎಂದೆ.