ತಪ್ಪು ಹೇಳಿ, ಒಳಗೆ ಬನ್ನಿ

ಆಸ್ಬರ್ಟ್ ಮೂವತ್ತು ವರ್ಷ ಕಾದದ್ದು ಒಂದೇ ಬಾಗಿಲು. ಕಳ್ಳನಾಗಲಿ ಕೊಲೆಗಾರನಾಗಲಿ, ದೊಡ್ಡ ಚರ್ಚಿನ ಆ ಹೊಸ್ತಿಲು ದಾಟಿದನೆಂದರೆ ನಲವತ್ತು ದಿನ ರಾಜನ ಆಳುಗಳೂ ಮುಟ್ಟುವಂತಿಲ್ಲ. ಅವನಪ್ಪ ಕಾಯುತ್ತಿದ್ದಾಗ ಮೊದಲು ಬಾಗಿಲು, ಆಮೇಲೆ ಪ್ರಶ್ನೆ. ಬಿಷಪ್ ಆಂಕೆಟಿಲ್ ಬಂದವರೇ ಅದನ್ನು ತಿರುಗುಮುರುಗು ಮಾಡಿದರು. ತನ್ನ ತಪ್ಪೇನೆಂದು ಕಿಂಡಿಯಲ್ಲಿ ಒಪ್ಪಿಕೊಂಡವನಿಗೆ ಮಾತ್ರ ಅಗುಳಿ ತೆಗೆಯಬೇಕು. ಇಂಥ ಕಟ್ಟಳೆ ಬರೆಯಲು ಅವರಿಗೆ ಯಾವಾಗ ಬಿಡುವು ಸಿಕ್ಕಿತೋ ಕಾಣೆ. ದೇವರಿಗಿಂತ ಅರಮನೆಯ ಪಂಚಾಯ್ತಿಯೇ ಅವರಿಗೆ ಹೆಚ್ಚಾಗಿತ್ತು.

ಕಟ್ಟಳೆಗೆ ಮೊದಲು ಸಿಕ್ಕವನು ಹಾವುಮೀನು ಮಾರುವ ಹಾಬ್. ಎರಡು ರೊಟ್ಟಿ ಕದ್ದು ಓಡಿಬಂದವನು, ತಪ್ಪೇನೆಂದು ಕೇಳಿದರೆ ಅಜ್ಜಿಯ ಕಾಲದ ಬಡತನದಿಂದ ಕಥೆ ಶುರುಮಾಡಿದ. ಕಥೆ ರೊಟ್ಟಿಯ ಹತ್ತಿರ ಬರುವ ಮೊದಲೇ ಆಳುಗಳು ಹಾಬನ ಹತ್ತಿರ ಬಂದರು. ಎಡಗಿವಿ ಕೊಯ್ದರು. ಅಂದಿನಿಂದ ಸಂತೆಯಲ್ಲಿ ಹಾಬ್ ಎದುರಾದರೆ ಆಸ್ಬರ್ಟ್ ಹಾದಿ ಬದಲಿಸುತ್ತಿದ್ದ. ಪ್ರಾಣಕ್ಕೆ ಪ್ರಾಣವಾಗಿದ್ದ ಹಾವುಮೀನು ತಿನ್ನುವುದನ್ನೂ ಬಿಟ್ಟ.

ಆಮೇಲೆ ರಾಜನಿಗೂ ಅವನ ತಮ್ಮನಿಗೂ ಜಗಳ ಹತ್ತಿತು. ಬಿಷಪ್ಪರು ಎರಡು ದೋಣಿಯಲ್ಲೂ ಕಾಲಿಟ್ಟರು. ತಮ್ಮ ಸೋತ, ಅವನ ಪೆಟ್ಟಿಗೆಯಲ್ಲಿ ಬಿಷಪ್ಪರ ಮುದ್ರೆ ಒತ್ತಿದ ಓಲೆ ಸಿಕ್ಕಿತು. ಅದೇ ವಾರ ಒಂದು ಮಧ್ಯಾಹ್ನ ಯಾರೋ ಬಾಗಿಲು ದಡದಡ ಬಡಿದರು.

"ತೆಗಿಯೋ ಆಸ್ಬರ್ಟ್! ನಾನು ಕಣೋ!"

ಕಿಂಡಿಯಲ್ಲಿ ನೋಡಿದರೆ ಬಿಷಪ್ಪರು. ಓಡಿಬಂದ ರಭಸಕ್ಕೆ ಒಂದೇ ಕಾಲಲ್ಲಿ ಜೋಡು ಉಳಿದಿತ್ತು.

"ತಪ್ಪೇನು ಬುದ್ಧಿ?"

"ನನ್ನ ಬಾಗ್ಲಲ್ಲಿ ನನ್ನೇ ಕೇಳ್ತೀಯೇನೋ?"

"ತಮ್ದೇ ಕಟ್ಟಳೆ. ಮೀರಿದ್ರೆ ನನ್ ಕೆಲ್ಸ ಹೋಯ್ತದೆ."

"ನೋಡು, ಆಗಿನ ಸಂದರ್ಭದಲ್ಲಿ, ನಾಡಿನ ಕ್ಷೇಮಕ್ಕೋಸ್ಕರ, ಇಬ್ಬರಿಗೂ ರಾಜಿ ಆಗ್ಲಿ ಅಂತ..."

"ಹಾಬನೂ ಹಿಂಗೇ ಅಜ್ಜಿ ಕಥೆ ಹೇಳ್ದ ಬುದ್ಧಿ. ಕಿವಿ ಹೋಯ್ತು. ತಮ್ಮನ್ನ ಬರೀ ಕಿವಿಗೇ ಬಿಡ್ತಾರೆ ಅನ್ಸಲ್ಲ."

ಬಿಷಪ್ಪರು ಹಿಂದಕ್ಕೆ ತಿರುಗಿ ನೋಡಿದರು. ಸೇತುವೆಯ ಮೇಲೆ ಕುದುರೆಗಳ ಸದ್ದು ಕೇಳಿಸಿತು. ಇನ್ನೊಬ್ಬನನ್ನು ಹೊಸ್ತಿಲಲ್ಲೇ ಹಿಡಿದುಕೊಟ್ಟು ಬದುಕುವುದು ಆಸ್ಬರ್ಟ್‌ನಿಂದ ಆಗದ ಮಾತು. ಕೆಲಸ ಹೋದರೆ ಹೋಗಲಿ ಎಂದು ಅಗುಳಿ ಎಳೆದುಬಿಟ್ಟ. ಬಿಷಪ್ಪರು ಮೂಟೆಯ ಹಾಗೆ ಒಳಗೆ ಬಿದ್ದರು.

ಬಾಗಿಲು ಮುಚ್ಚಿ, ಹೋದ ಜೀವ ಬಂದೊಡನೆ ಅವರು ಕೇಳಿದರು: "ಒಪ್ಪಿಕೊಳ್ಳೋ ಮೊದ್ಲೇ ತೆಗ್ದೆಯಲ್ಲೋ? ಕಟ್ಟಳೆ ಮುರಿದೆ!"

"ಹೂಂ ಬುದ್ಧಿ, ಅದು ನನ್ ತಪ್ಪು, ಒಪ್ಕೊಂಡೆ. ತಮ್ದು?"

ನಲವತ್ತು ದಿನವಾದರೂ ಅವರು ಉತ್ತರ ಕೊಡಲಿಲ್ಲ; ಕೊನೆಗೆ ಹಡಗು ಹತ್ತಿ ದೇಶ ಬಿಟ್ಟರು. ಆಸ್ಬರ್ಟ್ ಮಾತ್ರ ಸಾಯುವವರೆಗೂ ಅಪ್ಪನ ಪದ್ಧತಿಯಲ್ಲೇ ಬಾಗಿಲು ತೆಗೆದ.

ಬಿಷಪ್ಪರು ಒಳಗೆ ಬಿದ್ದ ಆ ವಾರದ ಸಂತೆಯಲ್ಲಿ ಅವನು ಹಾದಿ ಬದಲಿಸಲಿಲ್ಲ. ನೇರ ಹೋಗಿ ಹಾಬನ ಬುಟ್ಟಿಯ ಪಕ್ಕ ನಿಂತ.

"ಬಿಷಪ್ಪರಿಗೆ ಒಪ್ಕೊಳ್ದೇ ಇದ್ರೂ ತೆಗ್ದೆ ಕಣಣ್ಣ. ನಿಂಗೂ ಅವತ್ತು ತೆಗೀಬೇಕಿತ್ತು. ತಪ್ಪಾಯ್ತು."

ಹಾಬ್ ತಿರುಗಿ ನೋಡಲಿಲ್ಲ. "ಆ ಕಡೆ ಕಿವಿ ಇಲ್ಲ ಮಾರಾಯ. ಈ ಕಡೆ ಬಂದು ಹೇಳು."

ಆಸ್ಬರ್ಟ್ ಬಲಕ್ಕೆ ಹೋಗಿ ಇನ್ನೊಮ್ಮೆ ಹೇಳಿದ. ಈ ಸಲ ಇಡೀ ಸಂತೆಗೆ ಕೇಳಿಸಿತು. ಹಾಬ್ ಬುಟ್ಟಿಯೊಳಗೆ ಕೈಹಾಕಿ, ಇದ್ದುದರಲ್ಲಿ ದಪ್ಪನೆಯ ಹಾವುಮೀನು ಹುಡುಕಿ ಅವನ ಕೈಗಿಟ್ಟ.